ಎಕಿ-ಚೆಲೆಕ್‌ನ ನಲವತ್ತೇಳು ರೋಗಿಗಳ ಪರವಾಗಿ

ಮಾನ್ಯ ಸಂಚಾರಿ ಮತಪೆಟ್ಟಿಗೆಯವರೇ,

ಎಕಿ-ಚೆಲೆಕ್ ಹಳ್ಳಿಯ ಗ್ರಂಥಪಾಲಕನಾದ ಶಾರ್ಶೆನ್ ಮೊಲ್ದೊಕುಲೊವ್ ಎಂಬ ನಾನು ಬಲಗೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿ, ಮೊದಲು ತಮ್ಮ ಆರೋಗ್ಯವನ್ನೂ ಆಮೇಲೆ ತಮ್ಮ ಮುಚ್ಚಳದ ಆರೋಗ್ಯವನ್ನೂ ಕೊನೆಗೆ ಮುಚ್ಚಳಕ್ಕೆ ಹಾಕಿದ್ದ ಕೆಂಪು ಪ್ಲಾಸ್ಟಿಕ್ ಬೀಗದ ಆರೋಗ್ಯವನ್ನೂ ವಿಚಾರಿಸುತ್ತೇನೆ. ಕುರಿ ಕುದುರೆಗಳು ಸುಖವಾಗಿವೆಯೇ ಎಂದು ಕೇಳುವುದು ನಮ್ಮ ಕಡೆಯ ವಾಡಿಕೆ. ತಮಗೆ ಕುರಿಯೂ ಇಲ್ಲ, ಕುದುರೆಯೂ ಇಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಏಕೆಂದರೆ ಚುನಾವಣೆ ಮುಗಿದಂದಿನಿಂದ ತಮ್ಮೊಳಗೆ ಏನಿದೆ, ಏನಿಲ್ಲ ಎಂದು ಖಚಿತವಾಗಿ ಹೇಳುವ ಧೈರ್ಯ ನನಗೆ ಉಳಿದಿಲ್ಲ.

ತಾವು ಈಗ ನಮ್ಮ ಶಾಲೆಯ ಉಗ್ರಾಣದಲ್ಲಿ, ಅರ್ಧ ಖಂಡಗಳು ಅಳಿಸಿಹೋದ ಭೂಗೋಳದ ಪಕ್ಕದಲ್ಲಿ ವಿಶ್ರಾಂತಿ ಪಡೆಯುತ್ತಿದ್ದೀರೆಂದು ಕೇಳಿದ್ದೇನೆ. ಆ ಉಗ್ರಾಣದ ಕೀಲಿ ನನ್ನಂಥವರಿಗೆ ಸಿಗುವುದಿಲ್ಲವಾದ್ದರಿಂದ ಈ ಪತ್ರವನ್ನು ಗ್ರಂಥಾಲಯದ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಊರಿನವರು ಓದಿದರೆ ಅದು ಅವರವರ ಜವಾಬ್ದಾರಿ. ಬೇರೆ ಯಾರಿಗೂ ಬರೆಯದೆ ತಮಗೇ ಬರೆಯಲು ಒಂದು ಕಾರಣವಿದೆ. ಈ ವಿಷಯದಲ್ಲಿ ಸೇರಿದ ಉಳಿದವರೆಲ್ಲರ ಜೊತೆ ನಾನು ನೆಲದ ಮೇಲೆ ಹಾಸುವ ಊಟದ ಬಟ್ಟೆಯಾದ ಒಂದೇ ದಸ್ತರಖಾನದ ಸುತ್ತ ಕೂತು ಉಂಡಿದ್ದೇನೆ, ಮತ್ತು ಉಂಡ ಮನೆಯವರ ಬಗ್ಗೆ ಹೊರಗೆ ಬಂದು ಕೆಟ್ಟದ್ದು ಆಡುವವನಿಗೆ ನಮ್ಮ ಕಣಿವೆಯಲ್ಲಿ ಇನ್ನೊಂದು ಮನೆಯ ಬಾಗಿಲು ತೆರೆಯುವುದಿಲ್ಲ. ಅಂದು ಆ ಕೋಣೆಯಲ್ಲಿದ್ದೂ ಒಂದು ತುಂಡು ಮಾಂಸವನ್ನಾದರೂ ಮುಟ್ಟದೆ ಇದ್ದವರು ತಾವೊಬ್ಬರೇ. ಆದ್ದರಿಂದ ನನ್ನ ದೂರನ್ನು ಕೇಳುವ ಯೋಗ್ಯತೆ ಇರುವವರೂ ತಾವೊಬ್ಬರೇ.

ದೂರುಪತ್ರದಲ್ಲಿ ಹಿನ್ನೆಲೆಯನ್ನು ಹೇಳಲೇಬೇಕು ಎನ್ನುತ್ತಾರೆ, ಹೇಳುತ್ತೇನೆ. ಹಳೆಯ ಸ್ನಾನದಮನೆಯ ಪಕ್ಕದಲ್ಲಿ, ನೀಲಿ ಬಾಗಿಲಿನ ಎರಡು ಕೋಣೆಗಳಲ್ಲಿ ನಮ್ಮೂರಿನ ಆರೋಗ್ಯ ಕೇಂದ್ರವಿದೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿರುವ ಜಿಪಾರ್ ನಿಜದಲ್ಲಿ ಡಾಕ್ಟರಲ್ಲ, ವೈದ್ಯ ಸಹಾಯಕಿ. ಆದರೂ ಊರಿನವರ ಬಾಯಲ್ಲಿ ಅವಳು ಡಾಕ್ಟ್ರಮ್ಮನೇ. ಅವಳ ಬಳಿ ಒಂದು ತೂಕದ ಯಂತ್ರ, ಒಂದು ಮಂಚ ಮತ್ತು ಒಂದು ಪುಟ್ಟ ಫ್ರಿಜ್ ಇವೆ. ಆ ಫ್ರಿಜ್ಜಿನಲ್ಲಿ ಎಂಬತ್ತಾರು ವರ್ಷದ ಬುರುಲ್ ಅಜ್ಜಿಗೆ ದಿನಕ್ಕೆ ಎರಡು ಸಲ ಕೊಡಬೇಕಾದ ಸಕ್ಕರೆ ಕಾಯಿಲೆಯ ಚುಚ್ಚುಮದ್ದು ಇರುತ್ತದೆ. ಸೊಂಟ ಮುರಿದು ಮೂರು ಚಳಿಗಾಲಗಳಿಂದ ಹಾಸಿಗೆಯಲ್ಲೇ ಇರುವ ಅಜ್ಜಿಗೆ ಆ ಫ್ರಿಜ್ ಎಷ್ಟು ಹತ್ತಿರವಿದ್ದರೆ ಅಷ್ಟು ಆಯುಷ್ಯ. ಜಿಲ್ಲೆಯ ಆರೋಗ್ಯ ಕಚೇರಿಯವರು ಎಕಿ-ಚೆಲೆಕ್‌ನಲ್ಲಿ ರೋಗಿಗಳು ಸಾಲದು ಎಂದು ಲೆಕ್ಕ ಹಾಕಿ, ಆಗಸ್ಟ್ ಒಂದರಿಂದ ಕೇಂದ್ರವನ್ನು ಮುಚ್ಚಲು ತೀರ್ಮಾನಿಸಿದರು. ಆಮೇಲೆ ಕಾಯಿಲೆ ಬೀಳುವವರು ಮೂವತ್ತನಾಲ್ಕು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಕಣಿವೆಯ ದಾರಿ ಹಿಮಕ್ಕೆ ಮುಚ್ಚಿಹೋಗುವ ನವೆಂಬರಿನಿಂದ ಮಾರ್ಚಿನವರೆಗೆ ಯಾರೂ ಕಾಯಿಲೆ ಬೀಳಬಾರದು.

ಇದನ್ನು ತಡೆಯಬಲ್ಲದ್ದು ಗ್ರಾಮ ಸಭೆಯಲ್ಲಿ ನಮ್ಮೂರಿಗಿರುವ ಒಂದೇ ಒಂದು ಸ್ಥಾನ. ಹಾಗಾಗಿ ಜಿಪಾರ್ ಚುನಾವಣೆಗೆ ನಿಂತಳು. ಅವಳೆದುರು ನಿಂತವರು ಎರಡು ಲಾರಿಗಳ, ಒಂದು ಅಂಗಡಿಯ ಒಡೆಯರಾದ ತುರ್ದುಬಾಯ್ ಅವರು. ಅವರ ಪ್ರಚಾರ ಚಿಕ್ಕದು, ಚೊಕ್ಕದು. "ನಮ್ಮೂರ ಗಾಳಿ ಕುಡಿದೋರಿಗೆ ಕಾಯಿಲೆ ಎಲ್ಲಿಂದ ಬರುತ್ತೆ? ಆ ಎರಡು ಕೋಣೆಗೆ ಬಿಲಿಯರ್ಡ್ಸ್ ಮೇಜು ಹಾಕಿ ನೋಡಿ, ಇರೋಬರೋ ಕಾಯಿಲೆನೂ ಹೋಗುತ್ತೆ" ಎಂದು ಅವರು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಿಲಿಯರ್ಡ್ಸ್ ಮೇಜು ಆಗಲೇ ಅವರ ಲಾರಿಯಲ್ಲಿ ಟಾರ್ಪಾಲಿನ ಕೆಳಗೆ ಬಂದು ಕೂತಿತ್ತು.

ಈಗ ತಮ್ಮ ಪಾತ್ರಕ್ಕೆ ಬರುತ್ತೇನೆ. ಎದ್ದು ಬರಲಾಗದ ರೋಗಿಗಳು ಅರ್ಜಿ ಕೊಟ್ಟರೆ ಮತದಾನದ ಹಿಂದಿನ ದಿನ ತಾವೇ ಅವರ ಮನೆಗೆ ದಯಮಾಡಿಸುತ್ತೀರಿ. ಜಗತ್ತಿನಲ್ಲಿ ಇಷ್ಟು ಕರುಣೆಯ ಸರ್ಕಾರಿ ವಸ್ತು ಇನ್ನೊಂದಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಶುಕ್ರವಾರ ಸಂಜೆಯ ಹೊತ್ತಿಗೆ ಬಂದಿದ್ದ ಅರ್ಜಿಗಳು ಎರಡು: ಒಂದು ಬುರುಲ್ ಅಜ್ಜಿಯದು, ಇನ್ನೊಂದು ಮೊಣಕಾಲು ನೋವೆಂದು ತುರ್ದುಬಾಯ್ ಅವರ ಹೆಂಡತಿ ಸಾಲ್ಕಿನ್ ಕೊಟ್ಟದ್ದು. ನಾನು ಜಿಪಾರ್‌ಳ ಪರವಾಗಿ ವೀಕ್ಷಕನಾಗಿದ್ದೆ, ಅಂದರೆ ತಾವು ಹೋದಲ್ಲೆಲ್ಲ ನಾನೂ ಹೋಗಬೇಕು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಮುಂದೆ ಜೀಪು ನಿಂತಿತ್ತು. ಮುಂದಿನ ಸೀಟಿನಲ್ಲಿ ಚಾಲಕನ ಪಕ್ಕ ಚುನಾವಣಾ ಸಮಿತಿಯ ಅಧ್ಯಕ್ಷೆ, ಲೆಕ್ಕದ ಟೀಚರ್ ನಾಜಿರಾ, ಹಿಂದೆ ಸಮಿತಿಯ ಕಾರ್ಯದರ್ಶಿ, ಅವರ ಪಕ್ಕದಲ್ಲಿ ಸೀಟ್‌ಬೆಲ್ಟ್ ಬಿಗಿದುಕೊಂಡು ತಾವು. ತಮ್ಮ ಆಚೆ ಕಡೆಯ ಜಾಗದಲ್ಲಿ ಖಾಲಿ ಮತಪತ್ರಗಳ ಚೀಲ. ನಾನು ಎಲ್ಲಿ ಕೂರಲಿ ಎಂದು ಕೇಳಿದೆ.

"ಪೆಟ್ಟಿಗೆ ಸರ್ಕಾರದ್ದು ಅಣ್ಣ, ತೊಡೆ ಮೇಲೆ ಕೂರಿಸ್ಕೊಳ್ಳೋಕಾಗಲ್ಲ" ಎಂದಳು ನಾಜಿರಾ. "ನೀವು ನಡ್ಕೊಂಡು ಬನ್ನಿ. ಓದೋರಿಗೆ ಗಾಳಿ ಸೇವನೆ ಒಳ್ಳೇದು."

ದೂರವೇನೂ ಇರಲಿಲ್ಲ, ನಾನೂರು ಹೆಜ್ಜೆ. ಮೊದಲ ಮನೆಯೇ ತುರ್ದುಬಾಯ್ ಅವರದು. ನಾನು ತಲುಪುವಷ್ಟರಲ್ಲಿ ಅಂಗಳದಲ್ಲಿ ಕುರಿ ಕೊಯ್ದಾಗಿತ್ತು. ಕುರಿ ಕೊಯ್ದ ಮನೆಯಿಂದ ಮಾಂಸ ಬೇಯುವ ಮುಂಚೆ ಎದ್ದುಹೋಗುವ ಅತಿಥಿ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹಾಗೆ ಎದ್ದುಹೋಗುವುದಕ್ಕಿಂತ ಕುರಿಯ ಜಾಗದಲ್ಲಿ ಮಲಗುವುದು ಸುಲಭ. ಮೊಣಕಾಲು ನೋವಿನ ಸಾಲ್ಕಿನ್ ಎರಡು ಕೈಯಲ್ಲಿ ದೊಡ್ಡ ಕಡಾಯಿಯನ್ನು ಎತ್ತಿಕೊಂಡು, ಮೆಟ್ಟಿಲನ್ನು ಓಡುತ್ತಾ ಹತ್ತಿ, ನನ್ನನ್ನು ಒಳಗೆ ಕರೆದರು. ಜೂನ್ ತಿಂಗಳಾದರೂ ನಮ್ಮ ಕಣಿವೆಯಲ್ಲಿ ಕೋಟು ಬೇಕು. ಆ ಕೋಟನ್ನು ಅವರೇ ನನ್ನ ಹೆಗಲಿಂದ ಬಿಡಿಸಿ, ಅತಿಥಿಗೆ ಸಲ್ಲುವ ಮರ್ಯಾದೆಯಂತೆ ಒಳಕೋಣೆಗೆ ಒಯ್ದು ನೇತುಹಾಕಿದರು. ಕೋಟಿನ ಜೇಬಿನಲ್ಲಿ ಮಡಚಿದ ಒಂದು ಹಾಳೆಯಿತ್ತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ತಮ್ಮನ್ನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಮೂರು ಹಾಸು ದಪ್ಪದ ಮೆತ್ತೆಯ ಮೇಲೆ ಕೂರಿಸಿದ್ದರು. ಬೇಯಿಸಿದ ತಲೆ ತಟ್ಟೆಯಲ್ಲಿ ಬಂದಾಗ ಅದನ್ನು ಯಾರ ಮುಂದೆ ಇಡಬೇಕು ಎಂದು ಸ್ವಲ್ಪ ಚರ್ಚೆಯಾಯಿತು. ತಲೆ ಸಲ್ಲುವುದು ಹಿರಿಯರಿಗೆ. ಆದರೆ ಸರ್ಕಾರಕ್ಕಿಂತ ಹಿರಿಯರು ಯಾರು ಎಂದು ನಾಜಿರಾ ಕೇಳಿದ್ದರಿಂದ ತಟ್ಟೆಯನ್ನು ತಮ್ಮ ಮುಂದೆಯೇ ಇಟ್ಟರು. "ಸರಿ ಬಿಡಿ, ತಲೆ ಇಲ್ದೋರಿಗೇ ತಲೆ ಬೇಕಾಗೋದು" ಎಂದು ಚಾಲಕ ಅಂದ, ಎಲ್ಲರೂ ನಕ್ಕರು, ತಾವು ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಿರಿ. ಆಮೇಲೆ ಅವರವರ ಅಂತಸ್ತಿಗೆ ತಕ್ಕ ಮೂಳೆಗಳು ಬಂದವು. ನನಗೆ ಐವತ್ತೆಂಟು ವರ್ಷ. ಮದುವೆ, ಸಾವು, ಹಬ್ಬ ಯಾವುದಕ್ಕೆ ಹೋದರೂ ನನಗೆ ಸಿಗುವುದು ಪಕ್ಕೆಲುಬು, ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅಂದು ನನ್ನ ಮುಂದೆ ಸೊಂಟದ ಮೂಳೆ ಬಂತು. ಅದು ಬೀಗರಿಗೆ, ಊರಿನ ಹಿರಿಯರಿಗೆ ಕೊಡುವಂಥದ್ದು. ನನ್ನ ಬೆಲೆ ಇದ್ದಕ್ಕಿದ್ದಂತೆ ಏಕೆ ಏರಿತು ಎಂದು ಆ ಕ್ಷಣವೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡೆ ಕೂಡ. ಆದರೆ ಬಾಯಿ ತುಂಬಿತ್ತು.

ಒಂದು ಗಂಟೆ ನಲವತ್ತು ನಿಮಿಷಕ್ಕೆ, ಒಲೆಯ ಕಾವು ಪೆಟ್ಟಿಗೆಗೆ ಒಳ್ಳೆಯದಲ್ಲ ಎಂಬ ಕಾಳಜಿಯ ಮೇಲೆ ತಮ್ಮನ್ನೂ ಮತಪತ್ರಗಳ ಚೀಲವನ್ನೂ ಒಳಕೋಣೆಗೆ ಕರೆದೊಯ್ದರು. ಕಾರ್ಯದರ್ಶಿ ಜೊತೆಗೆ ಹೋದರು. ನಾನು ಏಳಲು ನೋಡಿದೆ. ತುರ್ದುಬಾಯ್ ಅವರು ನನ್ನ ಬಟ್ಟಲಿಗೆ ಕುಮಿಸ್ ತುಂಬಿಸಿದರು. ಮತ್ತೆ ಏಳಲು ನೋಡಿದೆ, ಮತ್ತೆ ತುಂಬಿಸಿದರು. ತುಂಬಿದ ಬಟ್ಟಲು ಕೈಯಲ್ಲಿ ಹಿಡಿದವನು ಎದ್ದು ನಿಲ್ಲುವಂತಿಲ್ಲ. ಹುದುಗಿದ ಕುದುರೆ ಹಾಲಿನ ಏಳು ಬಟ್ಟಲುಗಳ ನಂತರ, ಮೂರು ಗಂಟೆಗೆ ಸರಿಯಾಗಿ, ತಾವು ಹೊರಗೆ ಬಂದಿರಿ. ತಮ್ಮ ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ, ಬೀಗ ಕೆಂಪಗೇ ಇತ್ತು. ಬೆಳಿಗ್ಗೆ ಅದರ ನಂಬರನ್ನು ಬರೆದುಕೊಳ್ಳಲು ನಾನು ಮರೆತಿದ್ದೆ. ಜೀವನದಲ್ಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಮನುಷ್ಯ ನಾನು. ಊಟ ಮುಗಿಸುವ ಆಶೀರ್ವಾದಕ್ಕೆ ಎಲ್ಲರೂ ಅಂಗೈ ಚಾಚಿ ಮುಖ ಸವರಿಕೊಂಡೆವು, ನಾನೂ ಸವರಿಕೊಂಡೆ. ಕತ್ತಲಾಗುವ ಮುಂಚೆ ಶಾಲೆಗೆ ಮುಟ್ಟಿಸಬೇಕು ಎಂದು ಹೇಳಿ, ನೆತ್ತಿಯಿಂದ ಸೂರ್ಯ ಇನ್ನೂ ಪೂರ್ತಿ ಇಳಿಯದ ಹೊತ್ತಿನಲ್ಲಿ ತಮ್ಮನ್ನು ಜೀಪಿನಲ್ಲಿ ಶಾಲೆಗೆ ಒಯ್ದರು.

ಬುರುಲ್ ಅಜ್ಜಿಯ ಮನೆ ಅಲ್ಲಿಂದ ಹನ್ನೊಂದನೆಯದು. ನಾನು ಒಬ್ಬನೇ ಹೋದೆ. ಮಂಚವನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿದ್ದರು. ಅಜ್ಜಿ ಸ್ನಾನ ಮಾಡಿಸಿಕೊಂಡು, ಹೊಸ ಬಿಳಿ ತಲೆವಸ್ತ್ರ ಸುತ್ತಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದರು. ನೆಲದ ಮೇಲೆ ದಸ್ತರಖಾನ ಹಾಸಿತ್ತು, ಅದರ ಮೇಲೆ ಬೆಳಿಗ್ಗೆ ಸೊಸೆ ಕರಿದಿಟ್ಟ ಬೂರ್ಸೋಕ್ ಎಂಬ ಹಿಟ್ಟಿನ ತುಂಡುಗಳು ಗುಡ್ಡೆಯಾಗಿದ್ದವು, ಬೆಣ್ಣೆ ಕರಗಿ ಮತ್ತೆ ಗಟ್ಟಿಯಾಗಿತ್ತು. ಗೌರವದ ಜಾಗದಲ್ಲಿ ಒಂದು ಮೆತ್ತೆ ಖಾಲಿ ಇತ್ತು. ಅದು ತಮಗಾಗಿ. ಇವತ್ತು ಪೆಟ್ಟಿಗೆ ಬರುವ ಹಾಗೆ ಕಾಣುವುದಿಲ್ಲ ಎಂದು ನಾನು ಬಾಗಿಲಲ್ಲೇ ನಿಂತು ಹೇಳಿದೆ.

"ಪಾಪ, ಎಲ್ಲೋ ಊಟಕ್ಕೆ ಕೂರಿಸಿಬಿಟ್ಟಿರ್ತಾರೆ ಮಗಾ" ಎಂದರು ಅಜ್ಜಿ. "ನಮ್ಮ ಜನ ಬಿಡ್ತಾರಾ? ಬರುತ್ತೆ, ಬಟ್ಟೆ ಮಡಚಬೇಡ."

ನನ್ನ ಕೈಗಳಿಗೆ ಇನ್ನೂ ಕೊಬ್ಬಿನ ವಾಸನೆ ಇತ್ತು. ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನನ್ನ ಮತ ಹಾಕಲು ಶಾಲೆಗೆ ಹೋದೆ. ಬೆರಳಚ್ಚಿನ ಯಂತ್ರ ನನ್ನ ಬೆರಳನ್ನು ಗುರುತಿಸಿ ಹಸಿರು ದೀಪ ಹಚ್ಚಿತು, ನನ್ನ ಫೋಟೋವನ್ನೂ ತೋರಿಸಿತು. ನಾಜಿರಾ ಮಾತ್ರ ತನ್ನ ಪಟ್ಟಿಯ ಮೇಲೆ ಸ್ಕೇಲು ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು.

"ನಿಮ್ಮದು ನಿನ್ನೆನೇ ಆಗಿದೆಯಲ್ಲ, ಶಾರ್ಶೆನ್ ಅಣ್ಣ. ಮನೆಯಲ್ಲೇ ಹಾಕಿದೀರ. ಎರಡೂ ಕಾಲಿಗೆ ಸ್ವಾಧೀನ ಇಲ್ಲ ಅಂತ ಬರೆದಿದೆ." ಅವಳು ತಲೆ ಎತ್ತಲಿಲ್ಲ. "ಹೋಗಿ ಮಲಕ್ಕೊಳ್ಳಿ."

ನಾನು ನನ್ನ ಕಾಲುಗಳನ್ನು ನೋಡಿಕೊಂಡೆ. ಅವು ವಿಷಯ ತಿಳಿಯದೆ ನಿಂತಿದ್ದವು. ಸ್ವಾಧೀನವಿಲ್ಲದ ಆ ಕಾಲುಗಳ ಮೇಲೆಯೇ ಅಂದು ಹನ್ನೆರಡು ಗಂಟೆ ವೀಕ್ಷಕನಾಗಿ ನಿಂತೆ, ಮತ್ತು ನನ್ನಂತೆಯೇ ಹಾಸಿಗೆ ಹಿಡಿದ ಇನ್ನೂ ನಾಲ್ಕು ಮಂದಿ ನಡೆದುಕೊಂಡು ಬಂದು ವಾಪಸಾದದ್ದನ್ನು ಕಂಡೆ. ಅವರಲ್ಲಿ ಒಬ್ಬ ಕುದುರೆಯ ಮೇಲೆ ಬಂದಿದ್ದ. ಸಂಜೆ ಎಣಿಕೆಯಾಯಿತು. ಶಾಲೆಯ ದೊಡ್ಡ ಪೆಟ್ಟಿಗೆಯಲ್ಲಿ ಜಿಪಾರ್‌ಗೆ ನೂರ ಮೂವತ್ತೊಂದು, ತುರ್ದುಬಾಯ್ ಅವರಿಗೆ ನೂರ ಮೂರು. ಆಮೇಲೆ ತಮ್ಮ ಮುಚ್ಚಳ ತೆರೆದರು. ಒಂದೇ ರೀತಿ ಮಡಚಿದ, ಒಂದೇ ಪೆನ್ನಿನ ನೀಲಿ ಗುರುತಿನ ನಲವತ್ತೇಳು ಹಾಳೆಗಳು ತಮ್ಮೊಳಗಿಂದ ಬಿದ್ದವು. ನಲವತ್ತೇಳೂ ತುರ್ದುಬಾಯ್ ಅವರಿಗೆ. ನೂರ ಐವತ್ತಕ್ಕೆ ನೂರ ಮೂವತ್ತೊಂದು. ಜಿಪಾರ್ ಹತ್ತೊಂಬತ್ತು ಮತಗಳಿಂದ ಸೋತಳು. ಅವಳು ಕೆಲಸ ಮಾಡಿದ ವರ್ಷಗಳೂ ಅಷ್ಟೇ.

ಈ ಸಂದರ್ಭದಲ್ಲಿ ತಮ್ಮನ್ನು ಮುಕ್ತಕಂಠದಿಂದ ಹೊಗಳದಿದ್ದರೆ ಅದು ಕೃತಘ್ನತೆಯಾದೀತು. ಬೇರೆ ಕಡೆಗಳಲ್ಲಿ ಸತ್ತವರನ್ನು ಎಬ್ಬಿಸಿ ಮತ ಹಾಕಿಸುವ ಒರಟು ಪದ್ಧತಿ ಇದೆಯೆಂದು ಕೇಳಿದ್ದೇನೆ. ತಾವು ಅಂಥ ಕೀಳುಮಟ್ಟಕ್ಕೆ ಇಳಿಯಲಿಲ್ಲ. ಗೋರಿಗಳಿಗೆ ತೊಂದರೆ ಕೊಡದೆ, ಬದುಕಿರುವವರನ್ನು ಮಲಗಿಸಿದಿರಿ. ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ, ಒಂದು ಮನೆಯಿಂದ ಕದಲದೆ, ಮೂರು ಬೇಸಿಗೆ ಹುಲ್ಲುಗಾವಲುಗಳಲ್ಲಿ ಚದುರಿಹೋಗಿದ್ದ ಜನರ ಹಾಸಿಗೆಯ ಬಳಿಗೂ ಹೋಗಿ ಬಂದಿರಿ. ಕುರಿ ಹಿಂಡಿನ ಜೊತೆ ಎರಡು ಬೆಟ್ಟದಾಚೆ ಇದ್ದವನಿಗೆ ಬೆನ್ನುಹುರಿಯ ನೋವು ಕಂಡುಹಿಡಿದಿರಿ. ಅದೇ ಭಾನುವಾರ ಕುಸ್ತಿಯಲ್ಲಿ ಟಗರು ಗೆದ್ದವನಿಗೆ ಹೃದಯದ ದೌರ್ಬಲ್ಯ ಕಂಡುಹಿಡಿದಿರಿ. ಜಿಪಾರ್ ಹತ್ತೊಂಬತ್ತು ವರ್ಷಗಳಲ್ಲಿ ಪತ್ತೆಹಚ್ಚದ ಕಾಯಿಲೆಗಳು ಇವು.

ನಾವು ದೂರು ಕೊಟ್ಟೆವು. ಹದಿನೇಳು ದಿನಕ್ಕೆ ಮೇಲಿನ ಚುನಾವಣಾ ಸಮಿತಿಯಿಂದ ಉತ್ತರ ಬಂತು, ದುಂಡು ಮೊಹರಿನ ಸಮೇತ. ನಲವತ್ತೇಳೂ ಅರ್ಜಿಗಳನ್ನು ಪರಿಶೀಲಿಸಲಾಗಿದೆ, ನಲವತ್ತೇಳೂ ನಾಗರಿಕರು ತೀವ್ರ ಅನಾರೋಗ್ಯದ ಕಾರಣ ಮನೆಯಿಂದ ಹೊರಬರಲು ಅಸಮರ್ಥರೆಂದು ದೃಢಪಟ್ಟಿದೆ, ಹೆಸರುಗಳ ಪಟ್ಟಿ ಲಗತ್ತಿಸಿದೆ. ನಾನು ಗ್ರಂಥಾಲಯದಲ್ಲಿ ಕೂತು ಆ ಪಟ್ಟಿಯನ್ನು ಓದಿದೆ. ಐದನೆಯ ಹೆಸರಿಗೆ ಬರುವಷ್ಟರಲ್ಲಿ ಮುಂದಿನ ಹೆಸರು ನನಗೆ ಗೊತ್ತಿತ್ತು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವನಾಗಿದ್ದೆ. ಅದು ನನ್ನ ಪಟ್ಟಿ. ಪುಸ್ತಕ ತೆಗೆದುಕೊಂಡು ಹೋಗಿ ಗಡುವು ಮುಗಿದರೂ ಹಿಂದಿರುಗಿಸದವರ ಪಟ್ಟಿ, ಹೆಸರು ಮತ್ತು ಮನೆ ನಂಬರು ಸಮೇತ, ಗಡುವು ಮುಗಿದ ದಿನಾಂಕದ ಕ್ರಮದಲ್ಲಿ ನಾನೇ ಬರೆದದ್ದು. ಗ್ರಂಥಾಲಯದ ಬಾಗಿಲಿಗೆ ಅಂಟಿಸಲೆಂದು ಆ ಶನಿವಾರ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದೆ. ಮನೆಗೆ ಬಂದು ತೆಗೆದಾಗ ಅದನ್ನು ಯಾರೋ ಬೇರೆ ರೀತಿ ಮಡಚಿದ್ದರು, ಮೂಲೆಯಲ್ಲಿ ಕುರಿಕೊಬ್ಬಿನ ಹೆಬ್ಬೆಟ್ಟಿತ್ತು. ಊಟದ ಮನೆ, ಹಾಗೇ ಆಗುತ್ತದೆ ಎಂದುಕೊಂಡಿದ್ದೆ.

ಅವಸರದಲ್ಲಿ ನಕಲು ಮಾಡಿದವರು ಒಂದು ಹೆಸರನ್ನೂ ಬಿಟ್ಟಿರಲಿಲ್ಲ. ಒಂದು ಪುಸ್ತಕವನ್ನು ನಾನೇ ಎರಡು ತಿಂಗಳಿಂದ ಮನೆಯಲ್ಲಿಟ್ಟುಕೊಂಡಿದ್ದರಿಂದ ನಿಯಮದಂತೆ ನನ್ನ ಹೆಸರನ್ನೂ ಬರೆದಿದ್ದೆ, ಹೀಗಾಗಿ ಮೂವತ್ತೊಂದನೆಯ ರೋಗಿ ನಾನು. ಲಾರಿ ಚಾಲಕನೊಬ್ಬ ಎರಡು ಪುಸ್ತಕ ಉಳಿಸಿಕೊಂಡಿದ್ದರಿಂದ ಅವನ ಹೆಸರು ಎರಡು ಸಲ ಇತ್ತು. ಅವನು ಎರಡು ಸಲ ಕಾಯಿಲೆ ಬಿದ್ದು ಎರಡು ಸಲ ಮತ ಹಾಕಿದ್ದಾನೆ. ಜಿಪಾರ್‌ಳ ಸ್ವಂತ ಅತ್ತೆ ಇಪ್ಪತ್ತೆರಡನೆಯವರು, ಅವರೂ ಸೊಸೆಯ ವಿರುದ್ಧ. ಎಂಟನೆಯ ಹೆಸರು ಸಾಲ್ಕಿನ್ ಅವರದು, ಒಂಬತ್ತನೆಯದು ತುರ್ದುಬಾಯ್ ಅವರದೇ. ಗೆದ್ದ ಅಭ್ಯರ್ಥಿ ಗೆಲ್ಲುವ ಹಿಂದಿನ ದಿನ ಹಾಸಿಗೆ ಹಿಡಿದಿದ್ದರು, ಮತ್ತು ಭಾನುವಾರ ಸೂಟು ತೊಟ್ಟು ಬಂದು ಇನ್ನೊಂದು ಸಲ ಮತ ಹಾಕಿದರು. ಹಾಸಿಗೆ ಹಿಡಿದವರಲ್ಲಿ ಇಂಥ ಉತ್ಸಾಹ ಅಪರೂಪ. ಬುರುಲ್ ಅಜ್ಜಿಯ ಹೆಸರು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಅಜ್ಜಿ ಸೊಸೆಯ ಕೈಯಲ್ಲಿ ಓದಿಸಿಕೊಂಡ ಪುಸ್ತಕವನ್ನು ಗಡುವಿಗೆ ಮೂರು ದಿನ ಮುಂಚೆಯೇ ಕಳಿಸಿಕೊಟ್ಟಿದ್ದರು. ಹಾಗಾಗಿ ನಮ್ಮೂರಿನಲ್ಲಿ ಅಧಿಕೃತವಾಗಿ ಆರೋಗ್ಯವಂತರೆಂದರೆ ಅವರು.

ನಾನು ಕೊಬ್ಬಿನ ಹೆಬ್ಬೆಟ್ಟಿನ ಮೂಲ ಹಾಳೆಯನ್ನೂ ಮೊಹರಿನ ಪಟ್ಟಿಯನ್ನೂ ಹಿಡಿದು ಜಿಪಾರ್‌ಳ ಬಳಿಗೆ ಓಡಿದೆ. ಓಡಿದೆ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ನನ್ನ ಕಾಲುಗಳ ಸ್ಥಿತಿ ತಮಗೆ ಗೊತ್ತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನ್ಯಾಯಾಲಯದಲ್ಲಿ ಯಾವ ವಕೀಲನೂ ಬೇಡ, ಚುನಾವಣೆ ರದ್ದಾಗುತ್ತದೆ ಎಂದು ಹೇಳಿದೆ. ಅವಳು ಫ್ರಿಜ್ಜಿನ ಹಿಮ ಕೆರೆಯುತ್ತಾ ಕೇಳಿಸಿಕೊಂಡಳು. ನ್ಯಾಯಾಲಯಕ್ಕೆ ಎಷ್ಟು ಕಾಲ ಬೇಕು ಎಂದಳು. ಚಳಿಗಾಲದವರೆಗೆ ಎಂದೆ. ಕೇಂದ್ರ ಮುಚ್ಚುವುದು ಯಾವಾಗ ಎಂದಳು. ಇನ್ನು ಹನ್ನೆರಡು ದಿನಕ್ಕೆ. ಆಮೇಲೆ ಆ ಮೊಹರಿನ ಕಾಗದವನ್ನು ಕೈಗೆ ತೆಗೆದುಕೊಂಡು, ಕೈ ಒರೆಸಿಕೊಂಡು, ನಿಧಾನವಾಗಿ ಎರಡು ಸಲ ಓದಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇಂಜೆಕ್ಷನ್‌ಗೆ ನರ ಹುಡುಕುವಾಗ ಅವಳ ಮುಖ ಹಾಗಿರುತ್ತದೆ.

"ಇದರಲ್ಲಿ ನಮ್ಮೂರಲ್ಲಿ ನಲವತ್ತೇಳು ಜನ ಹಾಸಿಗೆ ಹಿಡಿದಿದಾರೆ ಅಂತ ಸರ್ಕಾರವೇ ಬರೆದುಕೊಟ್ಟಿದೆ" ಎಂದಳು. "ಮೊಹರು ಹಾಕಿ."

ಅದೇ ತಾನೇ ಸುಳ್ಳು ಎಂದೆ.

"ಗೊತ್ತು. ಆದ್ರೆ ನೀವು ಅದನ್ನ ಸುಳ್ಳು ಅಂತ ಸಾಬೀತು ಮಾಡಿದ ದಿನ ಇವರೆಲ್ಲ ಗುಣ ಆಗಿಬಿಡ್ತಾರೆ. ಆಮೇಲೆ ನನ್ನ ಹತ್ರ ಉಳಿಯೋದು ಬುರುಲ್ ಅಜ್ಜಿ ಒಬ್ರೇ. ಒಬ್ರಿಗೋಸ್ಕರ ಕೇಂದ್ರ ಇಡಲ್ಲ ಅವರು." ಅವಳು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಸೀಟು ಅವನಿಗಿರಲಿ, ಶಾರ್ಶೆನ್ ಅಣ್ಣ. ರೋಗಿಗಳು ನನಗಿರಲಿ."

ಅವಳಿಗೆ ಮತ ಹಾಕಿದ ನೂರ ಮೂವತ್ತೊಂದು ಮಂದಿಗೆ ಏನು ಹೇಳಲಿ ಎಂದು ಕೇಳಿದೆ. ಅವಳು ಫ್ರಿಜ್ಜಿನಿಂದ ಬುರುಲ್ ಅಜ್ಜಿಯ ಚುಚ್ಚುಮದ್ದು ತೆಗೆದುಕೊಂಡು ಹೊರಟಳು. ಆ ಪ್ರಶ್ನೆ ಇವತ್ತಿಗೂ ನನ್ನ ಹತ್ತಿರವೇ ಇದೆ. ಮಾರನೆಯ ದಿನ ಅವಳು ಜಿಲ್ಲೆಯ ಆರೋಗ್ಯ ಕಚೇರಿಗೆ ಹೋದಳು. ಮನೆಯಿಂದ ಹೊರಬರಲಾಗದ ರೋಗಿಗಳು ಮೂವತ್ತಕ್ಕಿಂತ ಹೆಚ್ಚಿರುವ ಹಳ್ಳಿಯಲ್ಲಿ ಕೇಂದ್ರವನ್ನು ಮುಚ್ಚುವಂತಿಲ್ಲ ಎಂಬುದು ಅವರದೇ ನಿಯಮ. ಅಲ್ಲಿನ ಅಧಿಕಾರಿ ನಲವತ್ತೇಳು ಹೇಗಾದೀತು ಎಂದು ಮೊದಲು ನಕ್ಕರಂತೆ. ಆಮೇಲೆ ಮೊಹರು ನೋಡಿ ನಗು ನಿಲ್ಲಿಸಿದರಂತೆ. ಒಂದು ಇಲಾಖೆಯ ದುಂಡು ಮೊಹರನ್ನು ಇನ್ನೊಂದು ಇಲಾಖೆ ಅನುಮಾನಿಸತೊಡಗಿದರೆ ದೇಶದಲ್ಲಿ ಏನು ತಾನೇ ಉಳಿದೀತು? ಮುಚ್ಚುವ ಆದೇಶವನ್ನು ಐದು ವರ್ಷಕ್ಕೆ ತಡೆಹಿಡಿದರು, ಹೊಸ ಫ್ರಿಜ್ ಮಂಜೂರು ಮಾಡಿದರು. ಜೊತೆಗೆ ಒಂದು ಷರತ್ತು: ನಲವತ್ತೇಳೂ ರೋಗಿಗಳನ್ನು ವಾರಕ್ಕೆ ಎರಡು ಸಲ ಮನೆಗೇ ಹೋಗಿ ನೋಡಿ, ಸಹಿ ಪಡೆಯತಕ್ಕದ್ದು.

ಅಂದಿನಿಂದ ಎಕಿ-ಚೆಲೆಕ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಎಂಬ ದಿನಗಳು ಹೇಗಿರುತ್ತವೆ ಎಂದು ತಾವು ಉಗ್ರಾಣದಿಂದ ಹೊರಗೆ ಬಂದು ನೋಡಬೇಕು. ಜಿಪಾರ್ ಬೀದಿಯ ಮೂಲೆಗೆ ಬಂದಳೆಂದು ಸುದ್ದಿಯಾದ ಕೂಡಲೇ ಹುಲ್ಲು ಒಟ್ಟುತ್ತಿದ್ದವರು ಕವೆಗೋಲು ಬಿಸಾಡಿ ಮಲಗುತ್ತಾರೆ. ಮಲಗದೆ ಇದ್ದರೆ ಚುನಾವಣೆ ಸುಳ್ಳಾಗುತ್ತದೆ, ಚುನಾವಣೆ ಸುಳ್ಳಾದರೆ ತುರ್ದುಬಾಯ್ ಅವರ ಸೀಟು ಹೋಗುತ್ತದೆ, ಆದ್ದರಿಂದ ಎಲ್ಲರೂ ಮಲಗಿದ್ದಾರೆಯೇ ಎಂದು ಅವರೇ ಮನೆಮನೆಗೆ ಹೋಗಿ ನೋಡಿ, ಕೊನೆಗೆ ಓಡಿಬಂದು ತಾವೂ ಮಲಗುತ್ತಾರೆ. ಜಿಪಾರ್ ಕುಸ್ತಿಪಟುವಿಗೆ ಅವನ ದುರ್ಬಲ ಹೃದಯಕ್ಕಾಗಿ ಬೀಟ್‌ರೂಟ್ ರಸ ಕುಡಿಸುತ್ತಾಳೆ. ತುರ್ದುಬಾಯ್ ಅವರ ರಕ್ತದೊತ್ತಡ ನೋಡಿದಾಗ ಅದು ನಿಜವಾಗಿಯೂ ಜಾಸ್ತಿ ಇತ್ತು. ಉಪ್ಪು ನಿಲ್ಲಿಸಿದ್ದಾಳೆ, ಕೊಬ್ಬು ನಿಲ್ಲಿಸಿದ್ದಾಳೆ, ಹೊರಗೆ ಹೋಗಿ ಬಿಲಿಯರ್ಡ್ಸ್ ಆಡಕೂಡದೆಂದು ಬರೆದುಕೊಟ್ಟಿದ್ದಾಳೆ. "ನೀನು ಗೆದ್ದಿದ್ರೂ ಇಷ್ಟು ಕಾಟ ಕೊಡ್ತಿರ್ಲಿಲ್ಲ ಕಣಮ್ಮ" ಎಂದು ಅವರು ಹಾಸಿಗೆಯಿಂದ ಹೇಳಿದರಂತೆ. ಅವಳು ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಹೋದಳಂತೆ. ಇಷ್ಟರ ನಡುವೆ, ಬೆಳಿಗ್ಗೆ ಮತ್ತು ಸಂಜೆ, ಯಾವ ಪಟ್ಟಿಯಲ್ಲೂ ಇಲ್ಲದ ಬುರುಲ್ ಅಜ್ಜಿಗೆ ಚುಚ್ಚುಮದ್ದು ತಪ್ಪದೆ ಹೋಗುತ್ತಿದೆ.

ಹಾಗಾಗಿ ನಾನು ಈ ಪತ್ರದಲ್ಲಿ ನಲವತ್ತೇಳೂ ಮಂದಿ ನಿಜವಾಗಿಯೂ ಕಾಯಿಲೆಯವರೆಂದು ಗಂಭೀರವಾಗಿ ಪ್ರಮಾಣ ಮಾಡುತ್ತೇನೆ. ಮೇಲಿನ ಯಾವುದಾದರೂ ವಾಕ್ಯದಿಂದ ಯಾರಾದರೂ ಆರೋಗ್ಯವಾಗಿದ್ದಾರೆ ಎಂದು ಓದುಗರಿಗೆ ಅನಿಸಿದರೆ ಅದು ಅವರ ಓದಿನ ದೋಷ. ಇನ್ನು ನನ್ನ ಬೇಡಿಕೆಗಳು. ನನ್ನ ಎರಡೂ ಕಾಲುಗಳಿಗೆ ಸ್ವಾಧೀನ ಮರಳುವುದು ಯಾವ ತಾರೀಖಿನಿಂದ ಎಂದು ಲಿಖಿತವಾಗಿ ತಿಳಿಸಬೇಕು, ಅಲ್ಲಿಯವರೆಗೆ ನಾನು ಗ್ರಂಥಾಲಯಕ್ಕೆ ಹೇಗೆ ಹೋಗಬೇಕೆಂಬುದನ್ನೂ ತಿಳಿಸಬೇಕು. ಎರಡು ಸಲ ಕಾಯಿಲೆ ಬಿದ್ದ ಲಾರಿ ಚಾಲಕನಿಗೆ ಎರಡು ಹಾಸಿಗೆ ಒದಗಿಸಬೇಕು. ತಮ್ಮ ಮುಂದಿಟ್ಟ ಕುರಿಯ ತಲೆಯನ್ನು ತಾವು ತಿನ್ನಲಿಲ್ಲವಾದ್ದರಿಂದ ಅದು ಯಾರ ಹೊಟ್ಟೆ ಸೇರಿತು ಎಂಬ ಬಗ್ಗೆ ತನಿಖಾ ಸಮಿತಿ ನೇಮಿಸಬೇಕು. ಸಾಧ್ಯವಾದರೆ ನನ್ನ ಸೊಂಟದ ಮೂಳೆಯನ್ನು ವಾಪಸು ತೆಗೆದುಕೊಂಡು ಎಂದಿನ ಪಕ್ಕೆಲುಬನ್ನು ಕೊಡಬೇಕು. ನನಗೆ ಅದೇ ಜೀರ್ಣವಾಗುತ್ತಿತ್ತು.

ಕೊನೆಯ ಬೇಡಿಕೆ ಒಂದೇ ಇದೆ, ಅದು ತಮಾಷೆಯಲ್ಲ. ಬುರುಲ್ ಅಜ್ಜಿ ಇನ್ನೂ ಬಟ್ಟೆ ಮಡಚಲು ಬಿಟ್ಟಿಲ್ಲ. ಬೂರ್ಸೋಕ್ ಗಟ್ಟಿಯಾದಾಗಲೆಲ್ಲ ಸೊಸೆ ಹೊಸದು ಕರಿದಿಡುತ್ತಾರೆ. ಚುನಾವಣೆ ಮುಗಿಯಿತು ಎಂದು ಹೇಳಿದೆ. ಯಾರು ಗೆದ್ದರು ಎಂದು ಅಜ್ಜಿ ಕೇಳಲಿಲ್ಲ, ಪೆಟ್ಟಿಗೆಯ ಊಟ ಮುಗಿಯಿತಾ ಎಂದು ಕೇಳಿದರು. ಒಂದು ದಿನ ತಾವು ಬರಬೇಕು. ಜೀಪು ಬೇಡ, ಅಧ್ಯಕ್ಷರು ಬೇಡ, ಬೀಗವೂ ಬೇಡ. ತಮ್ಮನ್ನು ನಾನೇ ಹೆಗಲ ಮೇಲೆ ಹೊತ್ತು ತರುತ್ತೇನೆ, ಹನ್ನೊಂದು ಮನೆಗಳ ದಾರಿ ಅಷ್ಟೇ. ಅಜ್ಜಿ ಒಂದು ಹಾಳೆಯನ್ನು ಮಡಚಿ ತಮ್ಮೊಳಗೆ ಹಾಕುತ್ತಾರೆ. ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಆದರೆ ತಮ್ಮೊಳಗೆ ಮನುಷ್ಯರೊಬ್ಬರು ಸ್ವಂತ ಕೈಯಾರೆ ಹಾಕಿದ ಹಾಳೆ ಒಂದಾದರೂ ಇದ್ದಂತಾಗುತ್ತದೆ.

ಹಾಸಿಗೆಯಿಂದ, ನಿಂತುಕೊಂಡು,
ತಮ್ಮ ವಿಶ್ವಾಸಿ,
ಶಾರ್ಶೆನ್ ಮೊಲ್ದೊಕುಲೊವ್,
ರೋಗಿ ಸಂಖ್ಯೆ ಮೂವತ್ತೊಂದು, ಎಕಿ-ಚೆಲೆಕ್ ಗ್ರಂಥಾಲಯ

ವಿ.ಸೂ.: ಮೊಹರಿನ ಪಟ್ಟಿಯ ಸುದ್ದಿ ಹರಡಿದ ಮೇಲೆ, ಮುಂದಿನ ಚುನಾವಣೆಗೂ ಕಾಯಿಲೆ ಬಿದ್ದೇವು ಎಂಬ ಭಯದಿಂದ ಊರಿನವರೆಲ್ಲ ಪುಸ್ತಕಗಳನ್ನು ತಂದು ಒಪ್ಪಿಸಿದ್ದಾರೆ, ನಾನೂ ಒಪ್ಪಿಸಿದ್ದೇನೆ. ಬಾಕಿ ಉಳಿದಿರುವುದು ಒಂದೇ, ಅದು ಗ್ರಾಮ ಸಭೆಯ ಸದಸ್ಯರಾದ ತುರ್ದುಬಾಯ್ ಅವರ ಮನೆಯಲ್ಲಿದೆ. ಕೊಬ್ಬಿನ ಹೆಬ್ಬೆಟ್ಟು ಬಿದ್ದಿರುವ ನನ್ನ ಹಳೆಯ ಪಟ್ಟಿಯನ್ನು ಈ ಗ್ರಂಥಾಲಯದ ಮೂರು ಸಾವಿರದ ನೂರ ಹದಿನಾರು ಪುಸ್ತಕಗಳಲ್ಲಿ ಯಾವುದೋ ಒಂದರ ನಡುವೆ ಇಟ್ಟಿದ್ದೇನೆ. ನೀಲಿ ಬಾಗಿಲಿನ ಕೇಂದ್ರ ತೆರೆದಿರುವವರೆಗೆ ಅದು ಅಲ್ಲೇ ಇರುತ್ತದೆ. ಹುಡುಕಬೇಕೆನ್ನುವವರು ಒಂದೊಂದೇ ಪುಸ್ತಕ ಪಡೆದು, ಮನೆಗೆ ಒಯ್ದು, ಪುಟ ತಿರುಗಿಸಿ ನೋಡಬಹುದು. ಆದರೆ ಹಳೆಯ ಪುಸ್ತಕವನ್ನು ವಾಪಸು ಕೊಡದವರಿಗೆ ಹೊಸ ಪುಸ್ತಕ ಕೊಡುವ ನಿಯಮ ನಮ್ಮಲ್ಲಿಲ್ಲ.